ಪಂಪಿಗೆ ಎಷ್ಟು? ಹೊಸದಾಗಿ ಪಾಡ್‌ಕಾಸ್ಟ್ ಶುರು ಮಾಡುವ ರೈತರಿಗೆ ನನ್ನ ಅನುಭವ



ಹೋದ ವರ್ಷ ಆಗಸ್ಟ್ ತಿಂಗಳ ಒಂದು ಮುಂಜಾನೆ ನರಗುಂದದ ಕಡೆಯಿಂದ ನನಗೊಂದು ಫೋನ್ ಬಂತು.

“ತಮ್ಮಾ, ನಿನ್ನ ಮಾತು ಕೇಳಿ ಮೆಣಸಿನಗಿಡ ಸುಟ್ಕೊಂಡ್ನೆಪಾ.”

“ಯಾಕ್ರೀ ಕಾಕಾ, ಏನಾತ್ರಿ?”

“ಬೇವಿಂದು ಐದು ಪರ್ಸೆಂಟ್ ಹೊಡೀರಿ ಅಂದಿದ್ದೆಲ್ಲ, ಹೊಡದ್ನಿ. ಎಲಿ ಎಲ್ಲಾ ಕರಕಾಗ್ಯಾವು.”

ನಾನು ಹೇಳಿದ್ದು ಬೇವಿನ ಬೀಜದ ಕಷಾಯ. ಕಾಕಾ ಹೊಡೆದದ್ದು ಬೇವಿನ ಎಣ್ಣೆ. ಶೇ. 5ರ ಕಷಾಯ ಅಂದರೆ ಲೀಟರ್ ನೀರಿಗೆ 50 ಗ್ರಾಂ ಬೀಜದ ತಿರುಳು. ಎಣ್ಣೆಯಾದರೆ ಲೀಟರ್‌ಗೆ 3ರಿಂದ 5 ಮಿ.ಲೀ. ಸಾಕು. 16 ಲೀಟರ್ ಪಂಪಿಗೆ 80 ಮಿ.ಲೀ. ದಾಟಬಾರದಿತ್ತು, ಕಾಕಾ ಶೇ. 5ರ ಲೆಕ್ಕ ಹಿಡಿದು 800 ಮಿ.ಲೀ. ಸುರಿದಿದ್ದರು. ಎರಡು ಪಂಪು ಹೊಡೆಯುವಷ್ಟರಲ್ಲಿ ಎಣ್ಣೆ ತೀರಿತು, ಉಳಿದ ಬೆಳೆ ಉಳಿಯಿತು.

ತಪ್ಪು ಕಾಕಾರದ್ದಲ್ಲ, ನನ್ನದು. ಕಂತಿನಲ್ಲಿ ನಾನು “ಐದು ಪರ್ಸೆಂಟ್” ಅಂತ ಒಮ್ಮೆ ಹೇಳಿ ಮುಂದಕ್ಕೆ ಓಡಿದ್ದೆ. ಓದುವವರು ಹಿಂದಿನ ಸಾಲಿಗೆ ಮರಳಬಹುದು. ಕೇಳುವವರ ಕೈಯಲ್ಲಿ ಹಾಲಿನ ಚರಿಗಿ ಇರುತ್ತದೆ, ಇಲ್ಲವೇ ಟ್ರ್ಯಾಕ್ಟರಿನ ಸ್ಟೇರಿಂಗು ಇರುತ್ತದೆ. ಅವರು ಹಿಂದಕ್ಕೆ ಹೋಗಿ ಮತ್ತೆ ಕೇಳೋದಿಲ್ಲ. ಪಾಡ್‌ಕಾಸ್ಟ್ ಮಾಡಬೇಕು ಅಂತ ಈಗ ಹಲವು ಯುವ ರೈತರು ನನ್ನನ್ನು ಕೇಳುತ್ತಿದ್ದಾರೆ. ಅವರಿಗೆ ಮೈಕಿನ ಸುದ್ದಿಗಿಂತ ಮೊದಲು ಈ ಸುದ್ದಿ ಹೇಳಬೇಕು ಅನ್ನಿಸಿತು.

ರೇಡಿಯೋ ಇರುವಾಗ ಇದು ಯಾಕೆ?

ನಮ್ಮ ಅಜ್ಜ ಧಾರವಾಡ ಆಕಾಶವಾಣಿ ಕೇಳುತ್ತಲೇ ಒಕ್ಕಲುತನ ಮಾಡಿದವರು. ಆ ಕೇಂದ್ರ 1950ರಿಂದ ನಮ್ಮ ಭಾಗದ ರೈತರ ಜೊತೆಗಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ರೈತರಿಗಾಗಿಯೇ ಸಮುದಾಯ ಬಾನುಲಿ ಕೇಂದ್ರ ತೆರೆಯಿತು. ಆದರೆ ಸಮುದಾಯ ಬಾನುಲಿಯ ದನಿ ಸುತ್ತಲಿನ ಹತ್ತು ಹದಿನೈದು ಕಿಲೋಮೀಟರಿಗೆ ಮುಗಿಯುತ್ತದೆ, ರೋಣದ ತನಕ ಬರೋದಿಲ್ಲ. ಪಾಡ್‌ಕಾಸ್ಟ್‌ಗೆ ಗೋಪುರ ಬೇಕಿಲ್ಲ, ಲೈಸೆನ್ಸ್ ಬೇಕಿಲ್ಲ. ಒಮ್ಮೆ ಹಾಕಿದ ಕಂತನ್ನು ರೈತ ತನಗೆ ಪುರಸೊತ್ತಾದಾಗ ಕೇಳಬಹುದು.

ಮನೆಯಲ್ಲಿ ಕೂತು ಇದೆಲ್ಲ ಆಗುವ ಮಾತೇ ಅಂತ ಅನುಮಾನ ಬೇಡ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದ್ದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ಸಿಕ್ಕಿದ್ದು ಅಲ್ಲಿಂದಲೇ.

ಮೊದಲು ಒಬ್ಬ ಕೇಳುಗ, ಒಂದು ಪ್ರಶ್ನೆ

ಬಾಗಲಕೋಟೆಯಲ್ಲಿ ತೋಟಗಾರಿಕೆ ಓದಿ ಊರಿಗೆ ಬಂದ ನನಗೆ ಎಲ್ಲವನ್ನೂ ಹೇಳುವ ಹುಚ್ಚಿತ್ತು. ಮೊದಲ ಕಂತಿನ ಹೆಸರು ‘ಸಾವಯವ ಕೃಷಿ: ಒಂದು ಅವಲೋಕನ’. 40 ನಿಮಿಷ. ನಮ್ಮ ಮನೆಯವರೇ ಪೂರ್ತಿ ಕೇಳಲಿಲ್ಲ.

ಈಗ ಕಂತು ಮಾಡುವ ಮೊದಲು ಒಬ್ಬ ರೈತರನ್ನು ಕಣ್ಣ ಮುಂದೆ ತಂದುಕೊಳ್ಳುತ್ತೇನೆ. ಅವರು ಈ ವಾರ ಕೇಳುವ ಒಂದೇ ಪ್ರಶ್ನೆ ಆ ಕಂತಿನ ಹೆಸರು. “ಉಳ್ಳಾಗಡ್ಡಿ ತುದಿ ಯಾಕ ಒಣಗತಾವು?” ಅಷ್ಟೇ. ಉತ್ತರ 10 ನಿಮಿಷದಲ್ಲಿ ಮುಗಿಯದಿದ್ದರೆ ಅದು ಎರಡು ಪ್ರಶ್ನೆ ಅಂತ ಅರ್ಥ, ಎರಡು ಕಂತು ಮಾಡಿ.

ಎಂಟು ಕಂತು ಬರೆದಿಟ್ಟುಕೊಂಡೇ ಶುರು ಮಾಡಿ

ಹೊಸಬರು ಮೂರನೇ ಕಂತಿಗೇ ನಿಲ್ಲಿಸಿಬಿಡುತ್ತಾರೆ. ವಿಷಯ ಇಲ್ಲದೆ ಅಲ್ಲ, ಯೋಜನೆ ಇಲ್ಲದೆ. ಒಂದು ಹಾಳೆಯಲ್ಲಿ ತಿಂಗಳು ಬರೆಯಿರಿ, ಎದುರಿಗೆ ಹೊಲದ ಕೆಲಸ ಬರೆಯಿರಿ. ಆಮೇಲೆ ಪ್ರತಿ ಕಂತನ್ನೂ ಆ ಕೆಲಸಕ್ಕಿಂತ ಹಿಂದಕ್ಕೆ ಸರಿಸಿ. ಹೆಸರಿನ ಬೀಜೋಪಚಾರದ ಕಂತು ಮುಂಗಾರಿಗೆ ಮೊದಲೇ ಬರಬೇಕು. ಬೇವಿನ ಕಷಾಯದ ಕಂತನ್ನು ನಾನು ಆಗಸ್ಟ್‌ನಲ್ಲಿ ಹಾಕಿದ್ದು ಎರಡನೇ ತಪ್ಪು. ಆ ಹೊತ್ತಿಗೆ ರೈತರ ಮನೆಯಲ್ಲಿ ಬೇವಿನ ಬೀಜ ಎಲ್ಲಿರುತ್ತದೆ? ಅದಕ್ಕೇ ಕಾಕಾ ಅಂಗಡಿಯಿಂದ ಎಣ್ಣೆ ತಂದದ್ದು. ಹಣ್ಣು ಉದುರುವ ಜೂನ್‌ನಲ್ಲೇ “ಆರಿಸಿ ಒಣಗಿಸಿ ಇಟ್ಟುಕೊಳ್ಳಿ” ಅಂದಿದ್ದರೆ ಕಥೆ ಬೇರೆಯಾಗುತ್ತಿತ್ತು. ಹಾಗೆಯೇ ಕಡಲೆ ಕುಡಿ ಚಿವುಟುವ ಮಾತು ಬಿತ್ತಿದ 30 ದಿನದೊಳಗೆ ರೈತರ ಕಿವಿಗೆ ಬೀಳಬೇಕು, ಹೂ ಬಿಟ್ಟ ಮೇಲೆ ಹೇಳಿ ಪ್ರಯೋಜನ ಇಲ್ಲ.

ಇನ್ನೊಂದು ಮಾತು. ನರಗುಂದದ ಎರಿ ಹೊಲಕ್ಕೂ ಗಜೇಂದ್ರಗಡದ ಗುಡ್ಡದ ಬದಿಯ ಮಸಾರಿಗೂ ಒಂದೇ ಸಲಹೆ ನಡೆಯೋದಿಲ್ಲ. ಮಲಪ್ರಭಾ ಕಾಲುವೆ ನೀರಿನ ಹೊಲ ಬೇರೆ, ಮಳೆಯನ್ನೇ ನಂಬಿದ ಹೊಲ ಬೇರೆ. ಪ್ರತಿ ಕಂತಿನ ಮೊದಲ ನಿಮಿಷದಲ್ಲೇ “ಇದು ಎರಿ ಹೊಲದ ಮಾತು” ಅಥವಾ “ಇದು ಮಸಾರಿಯ ಮಾತು” ಅಂತ ಹೇಳಿಬಿಡಿ.

ಕೌದಿಯೇ ಸ್ಟುಡಿಯೋ

ಗಜೇಂದ್ರಗಡದ ಗಾಳಿಯಂತ್ರಗಳ ಕೆಳಗೆ ಒಬ್ಬ ಶೇಂಗಾ ಬೆಳೆಗಾರರನ್ನು ಮಾತಾಡಿಸಿದ್ದೆ. ಮನೆಗೆ ಬಂದು ಕೇಳಿದರೆ ಬರೀ ಗಾಳಿ, ಮನುಷ್ಯರ ದನಿಯೇ ಇಲ್ಲ. ಅಂದಿನಿಂದ ಕಾಳಿನ ಚೀಲ ಇಡುವ ಕೋಣೆಯಲ್ಲಿ ರೆಕಾರ್ಡ್ ಮಾಡುತ್ತೇನೆ. ಎರಡು ಗೋಡೆಗೆ ಅವ್ವ ಹೊಲಿದ ಕೌದಿ ತೂಗು ಹಾಕಿದರೆ ದನಿ ಮಾರ್ದನಿಸೋದಿಲ್ಲ. ಫ್ಯಾನ್ ಬಂದ್ ಮಾಡಿ. ಫೋನ್ ಏರ್‌ಪ್ಲೇನ್ ಮೋಡ್‌ನಲ್ಲಿರಲಿ. ಮೈಕು ಬಾಯಿಂದ ಒಂದು ಗೇಣು ದೂರ ಇರಲಿ, ನೇರ ಎದುರಿಗೆ ಬೇಡ, ಸ್ವಲ್ಪ ಓರೆ. ಶುರುವಿಗೆ ಅಂಗಿಗೆ ಸಿಕ್ಕಿಸುವ ಸಾದಾ ಮೈಕು ಸಾಕು. ಹೊಲದಲ್ಲೇ ಮಾತಾಡಿಸಬೇಕಾದರೆ ಮೈಕಿಗೆ ಸ್ಪಂಜಿನ ಟೋಪಿ ಹಾಕಿ, ಗಾಳಿಗೆ ಬೆನ್ನು ಮಾಡಿ ನಿಲ್ಲಿ. ಮೊದಲು ಅರ್ಧ ನಿಮಿಷ ರೆಕಾರ್ಡ್ ಮಾಡಿ ಕೇಳಿ ನೋಡಿ, ಆಮೇಲೆ ಮಾತು ಶುರು ಮಾಡಿ.

ಸೋತದ್ದನ್ನೂ ಕೇಳಿ

ರೈತರನ್ನು ಮಾತಾಡಿಸುವಾಗ “ನಿಮ್ಮ ಸಾಧನೆ ಹೇಳ್ರಿ” ಅಂದರೆ ಭಾಷಣ ಬರುತ್ತದೆ. “ಮೊದಲ ವರ್ಷ ಎಲ್ಲಿ ತಪ್ಪಿತ್ರಿ?” ಅಂತ ಕೇಳಿ, ಅಲ್ಲಿಂದ ನಿಜವಾದ ಮಾತು ಶುರುವಾಗುತ್ತದೆ. ಯಾವಾಗ, ಎಷ್ಟು, ಖರ್ಚೇನು ಎಂಬ ಮೂರನ್ನು ಮರೆಯಬೇಡಿ. ಮುಗಿದ ಮೇಲೆ ಅವರಿಗೇ ಮೊದಲು ಕೇಳಿಸಿ. ಸಾಲದ ಮಾತೋ ಅಣ್ಣತಮ್ಮಂದಿರ ಪಾಲಿನ ಮಾತೋ ಬಂದಿದ್ದು ಬೇಡ ಅಂದರೆ ತೆಗೆಯಿರಿ. ನಾಳೆ ಅದೇ ಊರಲ್ಲಿ ಅವರು ತಲೆ ಎತ್ತಿ ತಿರುಗಬೇಕು.

ಕತ್ತರಿಸೋದು, ಕಳಿಸೋದು

ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಕತ್ತರಿಸುವುದನ್ನು ಎರಡು ದಿನದಲ್ಲಿ ಕಲಿಯಬಹುದು. ಮೊದಲ ಎರಡು ನಿಮಿಷದ “ಆರಾಮದೀರೇನ್ರಿ, ಮಳಿ ಹೆಂಗೈತ್ರಿ” ತೆಗೆದು ನೇರ ವಿಷಯಕ್ಕೆ ಬನ್ನಿ. ಉಸಿರು, ನಗು, ಆಡುಮಾತು ಇರಲಿ. ಫೈಲನ್ನು ಮೋನೋದಲ್ಲಿ, 64 ಕೆ.ಬಿ.ಪಿ.ಎಸ್. ಎಂ.ಪಿ.3 ಮಾಡಿದರೆ 10 ನಿಮಿಷದ ಕಂತು ಸುಮಾರು 5 ಎಂ.ಬಿ.ಯಲ್ಲಿ ಮುಗಿಯುತ್ತದೆ. ಸಿಗ್ನಲ್ ಕಮ್ಮಿ ಇರುವ ಹಳ್ಳಿಗೂ ವಾಟ್ಸಾಪ್‌ನಲ್ಲಿ ಮುಟ್ಟುತ್ತದೆ. ಸ್ಪಾಟಿಫೈ, ಯೂಟ್ಯೂಬ್‌ಗಳಲ್ಲೂ ಖರ್ಚಿಲ್ಲದೆ ಹಾಕಬಹುದು. ಆದರೆ ನಮ್ಮ ಕಡೆ ವಾಟ್ಸಾಪ್‌ನಲ್ಲಿ ಕೇಳುವವರೇ ಹೆಚ್ಚು, ಇದು ನಾನು ಕಂಡದ್ದು.

ಸುಧಾರಣೆ ಆಗೋದು ಕೇಳುಗರ ಪಕ್ಕ ಕೂತಾಗ

ಎಷ್ಟು ಜನ ಕೇಳಿದರು ಎಂಬ ಲೆಕ್ಕ ನೋಡಿ ನಾನು ಹಿಗ್ಗುತ್ತಿದ್ದೆ. ಕಾಕಾರ ಫೋನ್ ಬಂದ ಮೇಲೆ ಆ ಲೆಕ್ಕ ಬಿಟ್ಟೆ. ಈಗ ಕಂತು ಹೊರಗೆ ಬಿಡುವ ಮೊದಲು ಮೂವರಿಗೆ ಕೇಳಿಸುತ್ತೇನೆ. ಒಮ್ಮೆ ನಮ್ಮ ಹೊಲದಲ್ಲಿ ಕಳೆ ತೆಗೆಯುವ ಅಕ್ಕಂದಿರಿಗೆ ಬದುವಿನ ಮೇಲೆ ಫೋನ್ ಇಟ್ಟು ಕೇಳಿಸಿದೆ. ಮುಗಿದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ನಾಳಿಗೆ ನಿಮ್ಮ ಹೊಲದಾಗ ಏನ್ ಮಾಡ್ತೀರಿ?”

ಒಬ್ಬ ಅಕ್ಕ ನಕ್ಕರು. “ಅದೇನೋ ಸಮಗ್ರ ನಿರ್ವಹಣಿ ಅಂದಿ. ಅದನ್ನ ಎಲ್ಲಿ ಕೊಡ್ತಾರ, ಸೊಸೈಟ್ಯಾಗೇನು?”

ಆ ಪದ ಅಂದೇ ಹೋಯಿತು. ಬದಲಿಗೆ “ಮೊದಲು ಗಿಡ ನೋಡ್ರಿ, ಹುಳ ಎಣಿಸ್ರಿ, ಆಮ್ಯಾಲೆ ಔಷಧದ ವಿಚಾರ” ಎಂದು ಸೇರಿತು. ಕೇಳಿದವರು ಮಾಡಬೇಕಾದ್ದನ್ನು ತಮ್ಮ ಮಾತಲ್ಲಿ ತಿರುಗಿ ಹೇಳಿದರೆ ಕಂತು ಸರಿಯಿದೆ. ಹೇಳಲಾಗದಿದ್ದರೆ ಮತ್ತೆ ರೆಕಾರ್ಡ್ ಮಾಡಬೇಕು.

ಪ್ರಮಾಣಕ್ಕೆ ನನ್ನ ನಿಯಮ ಹೀಗಿದೆ. ಪರ್ಸೆಂಟ್ ಹೇಳೋದಿಲ್ಲ, ಪಂಪಿನ ಲೆಕ್ಕ ಹೇಳುತ್ತೇನೆ. ಪಂಪು ಎಷ್ಟು ಲೀಟರಿನದು ಅಂತಲೂ ಹೇಳುತ್ತೇನೆ. ಎರಡು ಸಲ ಹೇಳಿ, ಕೊನೆಯಲ್ಲಿ ಮತ್ತೊಮ್ಮೆ ಹೇಳುತ್ತೇನೆ. ಯಾವುದನ್ನು ಹಾಕಬಾರದು ಅನ್ನುವುದನ್ನೂ ಸೇರಿಸುತ್ತೇನೆ: “16 ಲೀಟರ್ ಪಂಪಿಗೆ 800 ಗ್ರಾಂ ಬೀಜದ ತಿರುಳು ಕುಟ್ಟಿ, ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿದ ಕಷಾಯ. ಎಣ್ಣೆ ಅಲ್ಲ, ಎಣ್ಣೆ ಅಲ್ಲ.” ಜೊತೆಗೆ ಅದೇ ಪ್ರಮಾಣವನ್ನು ಎರಡು ಸಾಲಲ್ಲಿ ಬರೆದು ಕಂತಿನ ಕೆಳಗೆ ಕಳಿಸುತ್ತೇನೆ.

ತಪ್ಪಾದರೆ

ಅವತ್ತೇ ಸಂಜೆ ಹಳೆಯ ಕಂತು ತೆಗೆದುಹಾಕಿ, ಕೇಳಿದವರಿಗೆಲ್ಲ ಗುಂಪಿನಲ್ಲಿ ಸಂದೇಶ ಕಳಿಸಿದೆ. ಮರುದಿನ ಬೈಕ್ ಹತ್ತಿ ಕಾಕಾರ ಹೊಲಕ್ಕೆ ಹೋದೆ. ಸುಟ್ಟ ಸಾಲುಗಳು ದೂರದಿಂದಲೇ ಕಾಣುತ್ತಿದ್ದವು. ಕಾಕಾ ಬೈಯಲಿಲ್ಲ, ಚಹಾ ಕೊಟ್ಟರು. ಅದು ಇನ್ನೂ ಕಷ್ಟವಾಯಿತು. “ಮುಂದಿನ ಕಂತಿನಲ್ಲಿ ನೀವೇ ಹೇಳ್ತೀರೇನ್ರಿ?” ಅಂತ ಕೇಳಿದೆ. “ಹೆಸರು ಬ್ಯಾಡ, ಮಾತು ಬೇಕಾದ್ರ ಹೇಳ್ತೀನಿ” ಅಂದರು. ಆ ಕಂತಿನ ಹೆಸರು ‘ಪಂಪಿಗೆ ಎಷ್ಟು?’. ಬರೀ 8 ನಿಮಿಷ. ನನ್ನ ಕಂತುಗಳಲ್ಲಿ ಜನ ಒಬ್ಬರಿಂದೊಬ್ಬರಿಗೆ ಹೆಚ್ಚು ಕಳಿಸಿದ್ದು ಅದನ್ನೇ. ಸುಟ್ಟ ಗಿಡ ಮತ್ತೆ ಚಿಗುರಿತು, ಆದರೆ ಆ ಸಾಲುಗಳ ಮೊದಲ ಹೂವು ಹೋಗಿತ್ತು, ಮೊದಲ ಬಿಡಿಸುವಿಕೆಯ ಕಾಯಿ ಸಿಗಲಿಲ್ಲ.

ಶುರು ಮಾಡುವವರು ಈ ವಾರ ಇಷ್ಟು ಮಾಡಿ. ಒಂದು ಹಾಳೆಯಲ್ಲಿ ಎಂಟು ಪ್ರಶ್ನೆ ಬರೆಯಿರಿ. ಫೋನಿನಲ್ಲೇ 5 ನಿಮಿಷ ಮಾತಾಡಿ ರೆಕಾರ್ಡ್ ಮಾಡಿ. ಯಾರಿಗೂ ಕಳಿಸಬೇಡಿ. ಪಕ್ಕದ ಹೊಲದವರ ಜೊತೆ ಕೂತು ಕೇಳಿಸಿ, “ನಾಳೆ ಏನ್ ಮಾಡ್ತೀರಿ?” ಅಂತ ಕೇಳಿ. ಅವರು ಹೇಳುವ ಉತ್ತರದಲ್ಲೇ ನಿಮ್ಮ ಎರಡನೇ ರೆಕಾರ್ಡಿಂಗ್‌ಗೆ ಬೇಕಾದ ತಿದ್ದುಪಡಿ ಸಿಗುತ್ತದೆ.