ದಾದಿಯರ ಸೊಂಟನೋವು: ಲೆಕ್ಕಪುಸ್ತಕಕ್ಕೆ ಸೇರದ ವೆಚ್ಚ

ಕೆಲಸಗಾರನಿಗೆ ಹಾನಿಯಾಗುವಷ್ಟು ಭಾರವನ್ನು ಎತ್ತಿಸಕೂಡದೆಂದು 1948ರ ಕಾರ್ಖಾನೆಗಳ ಕಾಯ್ದೆಯ 34ನೆಯ ಕಲಮು ವಿಧಿಸಿತ್ತು. ಮೂಟೆಯ ತೂಕ ಎಷ್ಟಿರಬೇಕೆಂಬುದು ಮಂಡಿ ವರ್ತಕರಿಗೂ ಹಮಾಲರಿಗೂ ಹಳೆಯ ಚರ್ಚೆ. ಆದರೆ 60 ಕಿಲೋ ತೂಕದ ರೋಗಿಯನ್ನು ದಿನಕ್ಕೆ ಹಲವು ಬಾರಿ ಮಗ್ಗುಲು ಬದಲಿಸಿ, ಮಂಚದ ತಲೆಭಾಗಕ್ಕೆ ಎಳೆದು, ಸ್ಟ್ರೆಚರಿಗೆ ದಾಟಿಸುವ ದಾದಿಯರು, ಆಯಾಗಳು ಮತ್ತು ವಾರ್ಡ್ ಬಾಯ್‌ಗಳು ಹೊರುವ ಭಾರದ ಬಗ್ಗೆ ವಾಣಿಜ್ಯ ವಲಯದಲ್ಲಿ ಮಾತು ಕೇಳಿಬರುವುದು ಅಪರೂಪ. ನರ್ಸಿಂಗ್ ಹೋಂ ನಡೆಸುವವರಿಗೂ, ಆಸ್ಪತ್ರೆಗಳಿಗೆ ಮಂಚ, ಟ್ರಾಲಿ ತಯಾರಿಸಿಕೊಡುವ ಸಣ್ಣ ಉದ್ದಿಮೆದಾರರಿಗೂ ಈ ವಿಷಯ ನೇರವಾಗಿ ಸಂಬಂಧಿಸಿದೆ.

2020ರಲ್ಲಿ ಜಗತ್ತಿನಾದ್ಯಂತ ಸೊಂಟನೋವಿನಿಂದ ಬಳಲುತ್ತಿದ್ದವರ ಸಂಖ್ಯೆ ಸುಮಾರು 61.9 ಕೋಟಿ ಎಂದು ಅಂದಾಜಿಸಲಾಗಿದೆ. ವಿವಿಧ ದೇಶಗಳ ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ, ಯಾವುದೇ ಒಂದು ವರ್ಷದಲ್ಲಿ ದಾದಿಯರ ಪೈಕಿ ಅರ್ಧದ ಆಸುಪಾಸಿನಷ್ಟು ಮಂದಿ ಈ ನೋವನ್ನು ಅನುಭವಿಸಿರುತ್ತಾರೆ.

ಕಾರಣವನ್ನು ತಕ್ಕಡಿಯ ವ್ಯವಹಾರ ಬಲ್ಲವರಿಗೆ ವಿವರಿಸುವುದು ಕಷ್ಟವಲ್ಲ. ಬೆನ್ನೆಲುಬನ್ನು ತಕ್ಕಡಿಯ ಆಧಾರಬಿಂದುವೆಂದು ಭಾವಿಸಿದರೆ, ಬೆನ್ನಿನ ಸ್ನಾಯು ಅದರ ಹಿಂದೆ ಕೇವಲ 5 ಸೆಂಟಿಮೀಟರ್ ದೂರದಲ್ಲಿರುತ್ತದೆ. ಕೈಯಲ್ಲಿನ ಭಾರ ಮುಂದೆ 40 ಸೆಂಟಿಮೀಟರ್ ದೂರದಲ್ಲಿರುತ್ತದೆ. ಗಾಯಕ್ಕೆ ಪಟ್ಟಿ ಕಟ್ಟಲು ರೋಗಿಯ ಒಂದು ಕಾಲನ್ನು ಎತ್ತಿಹಿಡಿದರೆ ಅದೇ ಹತ್ತಿರ ಹತ್ತಿರ 10 ಕಿಲೋ. ಅದನ್ನು ಸರಿದೂಗಿಸಲು ಸ್ನಾಯು 80 ಕಿಲೋ ಬಲದಿಂದ ಜಗ್ಗಬೇಕಾಗುತ್ತದೆ, ಬಾಗಿದ ಮೈಯ ಭಾರ ಬೇರೆ. ಮೂಟೆಯಾದರೋ ಹೊತ್ತವನ ಬೆನ್ನಿಗೆ ಅಂಟಿಕೊಂಡಿರುತ್ತದೆ, ಮಿಸುಕಾಡುವುದಿಲ್ಲ. ರೋಗಿ ಭಯದಿಂದ ಕೊರಳು ಹಿಡಿಯಬಹುದು, ಜೋಲಿ ತಪ್ಪಿ ವಾಲಬಹುದು.

ಅನುಕೂಲ ಸ್ಥಿತಿಯಲ್ಲಿ ಎರಡೂ ಕೈಗಳಿಂದ ಎತ್ತಬಹುದಾದ ಭಾರಕ್ಕೆ ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯಾದ ನಿಯೋಷ್ ಇಟ್ಟಿರುವ ಮಿತಿ 23 ಕಿಲೋ. ರೋಗಿಗಳನ್ನು ಎತ್ತುವ ಕೆಲಸಕ್ಕೆ 2007ರಲ್ಲಿ ಸೂಚಿಸಲಾದ ಮಿತಿ ಸುಮಾರು 16 ಕಿಲೋ ಮಾತ್ರ. ಈ ಅಳತೆಯಲ್ಲಿ 60 ಕಿಲೋ ರೋಗಿಗೆ ನಾಲ್ವರು ಬೇಕು. ರಾತ್ರಿ ಪಾಳಿಯಲ್ಲಿ ಇಬ್ಬರು ದೊರೆತರೆ ಅದೇ ಭಾಗ್ಯ.

ಬಹುತೇಕ ಆಡಳಿತ ಮಂಡಳಿಗಳು ಮೊದಲು ಯೋಚಿಸುವುದು ತರಬೇತಿ ಶಿಬಿರ ಮತ್ತು ಸೊಂಟಪಟ್ಟಿಯನ್ನು, ಎರಡೂ ಅಗ್ಗ. ಆದರೆ ಎತ್ತುವ ವಿಧಾನ ಕಲಿಸಿದ ಮಾತ್ರಕ್ಕೆ ನೋವು ಕಡಿಮೆಯಾಗುವುದಿಲ್ಲವೆಂದು ಹಲವು ಅಧ್ಯಯನಗಳ ಒಟ್ಟು ಪರಿಶೀಲನೆಯಿಂದ ಕಂಡುಬಂದಿದೆ. ಸೊಂಟಪಟ್ಟಿಯಿಂದಲೂ ಪ್ರಯೋಜನ ಸಾಬೀತಾಗಿಲ್ಲ. ಭಾರವನ್ನು ಕೈಯಿಂದ ಸಲಕರಣೆಗೆ ವರ್ಗಾಯಿಸುವುದೇ ಉಳಿದಿರುವ ಮಾರ್ಗ.

ಆ ಮಾರ್ಗದ ಲೆಕ್ಕವೂ ಲಭ್ಯವಿದೆ. ಅಮೆರಿಕದ ಆರು ಶುಶ್ರೂಷಾಲಯಗಳಲ್ಲಿ ರೋಗಿಯನ್ನೆತ್ತುವ ಯಂತ್ರಗಳನ್ನು ತರಿಸಿ, ಅವುಗಳ ಬಳಕೆಯಲ್ಲಿ ಸಿಬ್ಬಂದಿಗೆ ತರಬೇತಿ ನೀಡಲಾಯಿತು. ಒಟ್ಟು ಹೂಡಿಕೆ 1,58,556 ಡಾಲರ್. ಪರಿಹಾರ ವೆಚ್ಚದಲ್ಲಿ ವರ್ಷಕ್ಕೆ ಆದ ಉಳಿತಾಯ 55,000 ಡಾಲರ್. ಮೂರು ವರ್ಷ ತುಂಬುವ ಮೊದಲೇ ಬಂಡವಾಳ ಹಿಂದಿರುಗಿತು.

ಇದೇ ಲೆಕ್ಕವನ್ನು ಇಲ್ಲಿಗೆ ಯಥಾವತ್ತಾಗಿ ಅನ್ವಯಿಸಲಾಗದು. ಅಲ್ಲಿ ಅಪಘಾತಗಳು ಹೆಚ್ಚಿದರೆ ಮಾಲೀಕರ ವಿಮಾ ಕಂತೂ ಏರುವುದು ಸಾಮಾನ್ಯ. ನಮ್ಮ ನೌಕರರ ರಾಜ್ಯ ವಿಮಾ ಯೋಜನೆಯಲ್ಲಿ 2019ರ ಜುಲೈನಿಂದ ಮಾಲೀಕರ ವಂತಿಗೆ ವೇತನದ ಶೇ. 3.25, ಒಬ್ಬರ ಸೊಂಟ ಹೋದರೂ ಹತ್ತು ಜನರ ಸೊಂಟ ಹೋದರೂ ದರ ಅಷ್ಟೇ. ತಿಂಗಳಿಗೆ 18,000 ರೂ. ವೇತನದ ದಾದಿಯೊಬ್ಬರು 20 ದಿನ ವೇತನರಹಿತ ರಜೆಯಲ್ಲಿದ್ದಾರೆಂದು ಭಾವಿಸೋಣ. ಮೊದಲ ಎರಡು ದಿನ ಕಳೆದು ಉಳಿದ 18 ದಿನಗಳಿಗೆ ಶೇ. 70ರಂತೆ ಸುಮಾರು 7,560 ರೂ. ಕಾಯಿಲೆ ಭತ್ಯೆ ದೊರೆಯುತ್ತದೆ. ಸುಮಾರು 4,440 ರೂ. ಆಕೆಯ ಕೈಬಿಡುತ್ತದೆ. ಮಾಲೀಕರ ವೇತನ ವಹಿಯಲ್ಲಿ ಕಾಣುವುದು ಖರ್ಚಲ್ಲ, ಉಳಿತಾಯ! ನಿಜವಾದ ಖರ್ಚು ಬೇರೆ ಖಾತೆಗಳಲ್ಲಿ ಹಂಚಿಹೋಗಿರುತ್ತದೆ: ಜೋಡಿ ಪಾಳಿ ಮಾಡಿದವರ ಹೆಚ್ಚುವರಿ ಭತ್ಯೆ, ಬಿಟ್ಟುಹೋದವರ ಸ್ಥಾನಕ್ಕೆ ಹೊಸಬರ ನೇಮಕ, ಅವರು ಕೆಲಸ ಕಲಿಯುವ ತಿಂಗಳುಗಳ ವೇತನ. ಜೋಡಿ ಪಾಳಿ ಮಾಡಿದವರ ಬೆನ್ನೂ ಮುಂದಿನ ಸರದಿಯಲ್ಲಿರುತ್ತದೆ. ಸೊಂಟನೋವಿನ ರಜೆಗಳನ್ನು ಹಾಜರಿ ಪುಸ್ತಕದಲ್ಲಿ ಪ್ರತ್ಯೇಕ ಸಂಕೇತದಿಂದ ಗುರುತಿಸಿ, ಬದಲಿ ಸಿಬ್ಬಂದಿಯ ವೆಚ್ಚವನ್ನು ಅದರ ಎದುರಿಗೆ ಬರೆಯುತ್ತ ಬಂದರೆ ಒಂದೇ ವರ್ಷದಲ್ಲಿ ಚಿತ್ರ ಸ್ಪಷ್ಟವಾಗುತ್ತದೆ. ಇದಕ್ಕೆ ಕಂಪ್ಯೂಟರ್ ತಂತ್ರಾಂಶವೇನೂ ಬೇಕಿಲ್ಲ.

ಸಲಕರಣೆಯೆಂದರೆ ಲಕ್ಷಾಂತರ ರೂಪಾಯಿಯ ಆಮದು ಯಂತ್ರವೇ ಆಗಬೇಕೆಂದಿಲ್ಲ. ನುಣುಪಾದ ನೈಲಾನ್ ಬಟ್ಟೆಯ ಜಾರುಹಾಳೆಯನ್ನು ರೋಗಿಯ ಅಡಿಯಲ್ಲಿ ಹಾಸಿದರೆ ಎತ್ತುವ ಬದಲು ಜಾರಿಸಬಹುದು. ಮಂಚದಿಂದ ಗಾಲಿಕುರ್ಚಿಗೆ ದಾಟಿಸಲು ನಯವಾದ ಹಲಗೆಯೊಂದು ಸಾಕು. ಹೊಲಿಗೆ ಘಟಕ, ಮರಗೆಲಸದ ಘಟಕಗಳಿಗೆ ಇವೆರಡೂ ನಿಲುಕುವಂಥವೇ. ಇನ್ನು ಮಂಚ. ಎತ್ತರ ಬದಲಿಸಲಾಗದ ಮಂಚ ಅಗ್ಗವೇನೋ ಹೌದು, ಆದರೆ ಪ್ರತಿ ಆರೈಕೆಗೂ ದಾದಿ ಬಾಗಲೇಬೇಕು. ಕೈತಿರುಪಿನಿಂದ ಎತ್ತರ ಹೊಂದಿಸುವ ಮಂಚವನ್ನು ಸೊಂಟದ ಮಟ್ಟಕ್ಕೆ ಏರಿಸಿ ಕೆಲಸ ಮುಗಿಸಿ, ರೋಗಿ ಇಳಿಯುವಾಗ ತಗ್ಗಿಸಬಹುದು. ತಿರುಪಿನ ಹಿಡಿ ಬಿಗಿಯಾಗಿದ್ದರೆ, ಚಕ್ರದ ಬ್ರೇಕು ನಿಲ್ಲದಿದ್ದರೆ ಸಿಬ್ಬಂದಿ ಅದನ್ನು ಬಳಸುವುದೇ ಇಲ್ಲ ಎಂಬುದನ್ನೂ ತಯಾರಕರು ನೆನಪಿಡಬೇಕು. ಆಸ್ಪತ್ರೆಗಳು ಮಂಚಕ್ಕೆ ದರಪಟ್ಟಿ ಕರೆಯುವಾಗ ಎತ್ತರ ಎಷ್ಟರಿಂದ ಎಷ್ಟಕ್ಕೆ ಹೊಂದುತ್ತದೆಂಬ ಒಂದು ಅಂಕಣವನ್ನು ತುಲನಾ ಪಟ್ಟಿಗೆ ಸೇರಿಸಿದರೂ, ಕೇವಲ ಬೆಲೆಯ ಮೇಲೆ ಸೋಲುವ ಉತ್ತಮ ತಯಾರಕನಿಗೆ ಮಾತನಾಡಲು ಅವಕಾಶ ದೊರೆಯುತ್ತದೆ.