ಸಿಂಧನೂರಿಗೆ ಹತ್ತು ಸೆಕೆಂಡು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಆ ಒಂದೇ ಬಾಯಿಂದ ಸೆಕೆಂಡಿಗೆ ಸುಮಾರು 35 ಸಾವಿರ ಘನ ಅಡಿ, ಅಂದರೆ ಹತ್ತಿರಹತ್ತಿರ 10 ಲಕ್ಷ ಲೀಟರ್ ನೀರು ಹೊಳೆಗೆ ನುಗ್ಗುತ್ತಿತ್ತು. ಇದೇ ಅಣೆಕಟ್ಟೆಯ ಎಡದಂಡೆ ಕಾಲುವೆಯನ್ನು ನಂಬಿದ ಸಿಂಧನೂರು ಪಟ್ಟಣದ ಜನ 2011ರ ಜನಗಣತಿಯಲ್ಲಿ ಸುಮಾರು 75 ಸಾವಿರ. ಒಳಚರಂಡಿ ಇರುವ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಬೇಕೆಂಬುದು ಸರ್ಕಾರಿ ಮಾನದಂಡ. ಗುಣಿಸಿದರೆ 1 ಕೋಟಿ 1 ಲಕ್ಷ ಲೀಟರ್. ಇಡೀ ಊರಿನ ಒಂದು ದಿನದ ನೀರು ಆ ರಾತ್ರಿ ಹತ್ತೇ ಸೆಕೆಂಡಿಗೆ ಹರಿದುಹೋಗುತ್ತಿತ್ತು. ಸುಮಾರು 35 ಸಾವಿರ ಜನರ ಲಿಂಗಸುಗೂರಿಗಾದರೆ ಐದು ಸೆಕೆಂಡು ಸಾಕು.

ನಮ್ಮ ಸೀಮೆಯಲ್ಲಿ ಚಹಾದಂಗಡಿಯ ಮಾತೂ ಟಿಎಂಸಿ ಲೆಕ್ಕದಲ್ಲೇ ನಡೆಯುತ್ತದೆ. ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ ನೀರು, ಆವಿಯಾಗದೆ ಸೋರದೆ ಉಳಿದರೆ, ಅದೇ ಸಿಂಧನೂರಿಗೆ ಏಳೂವರೆ ವರ್ಷ ಬರುತ್ತದೆ. ಕಾಲುವೆ 90 ದಿನ ಬಂದ್ ಆದರೆ ಅದನ್ನು ದಾಟಿಸಲು ಟಿಎಂಸಿಯ ಮೂವತ್ತೊಂದರಲ್ಲಿ ಒಂದು ಪಾಲು ಸಾಕು. ಹಾಗಾದರೆ ನಳದ ಮುಂದೆ ಕೊಡಗಳ ಸಾಲು ಯಾಕೆ?

15 ಲೀಟರಿನ ಕೊಡದಲ್ಲಿ ಅಳೆದರೆ ಊರಿಗೆ ದಿನಕ್ಕೆ 6 ಲಕ್ಷ 75 ಸಾವಿರ ಕೊಡ ಬೇಕು. ಅಷ್ಟನ್ನೂ ಓಣಿಓಣಿಗೆ ಸರಿಯಾಗಿ ಹಂಚುವುದೇ ಕಷ್ಟ. ಎಡದಂಡೆ ಕಾಲುವೆಗೆ ಕೊನೆಭಾಗ ಇರುವಂತೆ ಪೈಪಿಗೂ ಕೊನೆಭಾಗ ಇದೆ. ಅಲ್ಲಿಯ ಮನೆಗೆ ನೀರು ಏರುವುದು ಬಿಡುವುದು ಬಹುಮಟ್ಟಿಗೆ ಪೈಪಿನ ಅಗಲದ ಮೇಲೆ ನಿಂತಿದೆ. ಪೈಪಿನ ಅಗಲ ಎರಡು ಪಟ್ಟಾದರೆ, ಅಷ್ಟೇ ನೀರಿಗೆ ಒಳಗಿನ ತಿಕ್ಕಾಟ 29ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸುಣ್ಣ, ಕಿಲುಬು ಕಟ್ಟಿ ಅಗಲ ಹತ್ತರಲ್ಲಿ ಒಂದು ಪಾಲು ಕಿರಿದಾದರೆ ಸಾಕು, ತಿಕ್ಕಾಟ ಒಂದೂವರೆ ಪಟ್ಟು ಮೀರುತ್ತದೆ. ನಾನು ಈ ಲೆಕ್ಕವನ್ನು ಮೂರು ಸಲ ಮಾಡಿ ನೋಡಿದೆ. ನಂಬಲು ಅಷ್ಟು ಕಷ್ಟವಾಯಿತು.

ಇನ್ನು ಆಯ್ಕೆಗಳು. ನೂರೇ ಪೈಪುಗಳ ಒಂದು ಸಣ್ಣ ಜಾಲ, ಪ್ರತಿಯೊಂದಕ್ಕೂ ಎಂಟು ಅಳತೆಯಲ್ಲಿ ಒಂದನ್ನು ಆರಿಸಬೇಕು. ಒಟ್ಟು ಬಗೆಗಳನ್ನು ಬರೆಯಲು 91 ಅಂಕಿ ಬೇಕು. ನಮಗೆ ಕಾಣುವ ವಿಶ್ವದ ಪರಮಾಣುಗಳ ಅಂದಾಜು ಲೆಕ್ಕ 81 ಅಂಕಿಗೇ ಮುಗಿಯುತ್ತದೆ.

1936ರಲ್ಲಿ ಅಮೆರಿಕದ ಹಾರ್ಡಿ ಕ್ರಾಸ್ ಇಂಥ ಜಾಲದಲ್ಲಿ ನೀರು ಹರಿಯುವ ಲೆಕ್ಕವನ್ನು ಕಾಗದದ ಮೇಲೆ ಸುತ್ತುಸುತ್ತಾಗಿ ತಿದ್ದುತ್ತಾ ಬಿಡಿಸುವ ದಾರಿ ತೋರಿಸಿದರು. ಈಗ ಅದೇ ಕೆಲಸವನ್ನು ಎಪಾನೆಟ್ ಎಂಬ ತಂತ್ರಾಂಶ ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಮಾಡುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1993ರಲ್ಲಿ ಹೊರತಂದದ್ದು. ಬೆಲೆ ಸೊನ್ನೆ, ಒಳಗಿನ ಕೋಡ್ ಕೂಡ ಎಲ್ಲರಿಗೂ ಮುಕ್ತ. ನಕಾಶೆಗೆ ಕ್ಯೂಜಿಐಎಸ್ ಇದೆ, ಅದೂ ಉಚಿತ. ಹಳ್ಳಿಯ ಪೈಪ್ ಯೋಜನೆಗೆ ಐಐಟಿ ಬಾಂಬೆಯವರ ಜಲತಂತ್ರ ಇದೆ. ದಿನಕ್ಕೆ ಕೆಲವೇ ತಾಸು ನೀರು ಬಿಡುವ ನಮ್ಮ ಪದ್ಧತಿ ಎಪಾನೆಟ್‌ಗೆ ಪೂರ್ತಿ ಒಗ್ಗುವುದಿಲ್ಲ, ಪೈಪು ಸದಾ ತುಂಬಿದೆ ಎಂದೇ ಅದು ಲೆಕ್ಕ ಹಾಕುತ್ತದೆ. ಆದರೆ ಒತ್ತಡ ಕಡಿಮೆಯಾದಲ್ಲಿ ಎಷ್ಟು ನೀರು ಬಂದೀತು ಎಂಬುದನ್ನು 2.2ನೇ ಆವೃತ್ತಿ ಹೇಳಬಲ್ಲದು.

ಮಸ್ಕಿಯಂಥ ಊರಿಗೆ ಒತ್ತಡದ ಈ ಲೆಕ್ಕ ದೊಡ್ಡ ವಿಷಯ. ಅಶೋಕನ ಹೆಸರು ಕೊರೆದ ಶಾಸನ 1915ರಲ್ಲಿ ಸಿಕ್ಕಿದ ಬಂಡೆಗುಡ್ಡದ ಬುಡದಲ್ಲಿ ಬೆಳೆದ ಊರದು. ನೆಲ ಏರುತ್ತದೆ, ಇಳಿಯುತ್ತದೆ. ಒಂದಂತಸ್ತಿನ ಮನೆಗೆ ನಳದಲ್ಲಿ ಕನಿಷ್ಠ 7 ಮೀಟರ್ ಒತ್ತಡ ಇರಬೇಕೆಂದು 1999ರ ಸರ್ಕಾರಿ ಕೈಪಿಡಿ ಹೇಳಿತ್ತು. ಏಳು ಮೀಟರ್ ಮೇಲಿರುವ ಓಣಿಗೆ ಹೋಗುವಷ್ಟರಲ್ಲಿ ಅಷ್ಟೂ ಕರಗಿಹೋಗಿರುತ್ತದೆ.

ಸಿಂಧನೂರಿನ ದಿನದ ನೀರು ಹತ್ತು ಸಾವಿರ ಟನ್ ತೂಗುತ್ತದೆ. ತಪ್ಪು ಅಳತೆಯ ಪೈಪಿನಿಂದ ಅಷ್ಟನ್ನೂ ಒಂದೇ ಒಂದು ಮೀಟರ್ ಹೆಚ್ಚಿಗೆ ಎತ್ತಬೇಕಾಗಿ ಬಂದರೆ, ನೂರಕ್ಕೆ ಅರವತ್ತು ದಕ್ಷತೆಯ ಪಂಪು ವರ್ಷಕ್ಕೆ ಸುಮಾರು 16,800 ಯೂನಿಟ್ ಕರೆಂಟು ನುಂಗುತ್ತದೆ. ಪುರಸಭೆ ನಗರಸಭೆಗಳ ಬಿಲ್ಲಿನಲ್ಲಿ ಅದು ಪ್ರತಿವರ್ಷ ಬರುತ್ತಲೇ ಇರುತ್ತದೆ.

ಸಾವಿರ ಪೈಪುಗಳ ಊರನ್ನು ಎಪಾನೆಟ್ ಕಡತಕ್ಕೆ ಇಳಿಸಿದರೆ ಮೊಬೈಲಿನ ಒಂದು ಫೋಟೋ ಹಿಡಿಯುವಷ್ಟೂ ಜಾಗ ಬೇಡ. ಬೇಕಾದದ್ದು ಯಾವ ಓಣಿಯ ಕೆಳಗೆ ಎಷ್ಟು ಇಂಚಿನ ಪೈಪು, ಯಾವ ತಿರುವಿನಲ್ಲಿ ವಾಲ್ವು ಎಂಬ ವಿವರ. ಅದರ ಬಹುಪಾಲು ಇರುವುದು ದಿನಾ ವಾಲ್ವು ತಿರುಗಿಸುವವರ ತಲೆಯಲ್ಲಿ. ಅವರಿಗೆ 60ಕ್ಕೆ ನಿವೃತ್ತಿ. ಹೊಸದಾಗಿ ಹೂಳುವ ಪೈಪನ್ನು 30 ವರ್ಷಕ್ಕೆಂದು ಲೆಕ್ಕ ಹಾಕಿ ಹೂಳುತ್ತಾರೆ.