ಎಳೆದರೆ ಬೀಳುತ್ತೆ, ತಳ್ಳಿದರೆ ಉಳಿಯುತ್ತೆ

ತರಬೇತಿ ವಿಮಾನ ಪತನ ಅಂತ ಬ್ರೇಕಿಂಗ್ ನ್ಯೂಸ್ ಹೋದ ತಕ್ಷಣ ನನಗೆ ಬರೋ ಮೊದಲ ಪ್ರಶ್ನೆ ಒಂದೇ: 'ಎಂಜಿನ್ ಕೈಕೊಡ್ತಾ ಸಾರ್?' ನೋಡಿ, ಎಂಜಿನ್ ಚೆನ್ನಾಗಿ ಓಡ್ತಿರುವಾಗಲೂ ವಿಮಾನ ಬೀಳುತ್ತೆ. ಹೇಗೆ ಅಂತ ಹೇಳ್ತೀನಿ.

ವಿಮಾನವನ್ನು ಎಂಜಿನ್ ಮುಂದಕ್ಕೆ ಎಳೆಯುತ್ತೆ, ಮೇಲೆ ಹಿಡಿದಿಡೋದು ರೆಕ್ಕೆ. ಎದುರಿನಿಂದ ಬರೋ ಗಾಳಿಗೆ ರೆಕ್ಕೆ ಸ್ವಲ್ಪ ಓರೆಯಾಗಿದ್ದರೆ ಗಾಳಿ ಅದರ ಬೆನ್ನಿಗೆ ಅಂಟಿಕೊಂಡು ಹರಿಯುತ್ತೆ. ಆ ಓರೆ ಸುಮಾರು 15 ಡಿಗ್ರಿ ದಾಟಿತೋ, ಗಾಳಿ ಬೆನ್ನು ಬಿಟ್ಟು ಚೆದುರುತ್ತೆ. ಎತ್ತುವ ಬಲ ಕುಸಿಯುತ್ತೆ. ಇದೇ ಸ್ಟಾಲ್. ಒಂದು ರೆಕ್ಕೆ ಇನ್ನೊಂದಕ್ಕಿಂತ ಹೆಚ್ಚು ಸ್ಟಾಲ್ ಆದರೆ ವಿಮಾನ ಬುಗುರಿಯಂತೆ ಸುತ್ತುತ್ತಾ ಇಳಿಯುತ್ತೆ. ಅದು ಸ್ಪಿನ್.

ಈಗ ಕಲಿಯೋ ಹುಡುಗನ ಸೀಟಿನಲ್ಲಿ ಕೂತು ಯೋಚಿಸಿ. ರನ್‌ವೇ ಕಡೆಗೆ ಕೊನೆಯ ತಿರುವು. ನೆಲ ಕೆಲವೇ ನೂರು ಅಡಿ ಕೆಳಗಿದೆ. ತಿರುವು ಸಾಲದು ಅಂತ ವಿಮಾನವನ್ನು ಇನ್ನಷ್ಟು ವಾಲಿಸ್ತಾನೆ, ಎತ್ತರ ಕಳೆಯಬಾರದು ಅಂತ ಕಂಟ್ರೋಲ್ ಎಳೀತಾನೆ. ಎತ್ತರ ಬಿಡದೆ 60 ಡಿಗ್ರಿ ವಾಲಿದರೆ ರೆಕ್ಕೆಯ ಮೇಲಿನ ಭಾರ ಎರಡು ಪಟ್ಟು! ನೇರ ಹಾರಾಟದಲ್ಲಿ 50 ನಾಟ್ ವೇಗಕ್ಕೆ ಸ್ಟಾಲ್ ಆಗೋ ವಿಮಾನ ಆಗ 70 ನಾಟ್‌ನಲ್ಲೇ ಆಗುತ್ತೆ. ನೆಲ ಎದ್ದು ಬರ್ತಿದೆ ಅಂತ ಕಂಡಾಗ ಕೈ ತಾನಾಗಿ ಇನ್ನೂ ಎಳೆಯುತ್ತೆ. ಜೀವ ತೆಗೆಯೋದು ಅದೇ. ಮಾಡಬೇಕಾದ್ದು ಉಲ್ಟಾ: ಕಂಟ್ರೋಲ್ ಮುಂದಕ್ಕೆ ತಳ್ಳಿ ಮೂತಿ ತಗ್ಗಿಸಬೇಕು. ಸ್ಪಿನ್ ಆದರೆ ಪವರ್ ಇಳಿಸಿ, ಸುತ್ತಿಗೆ ವಿರುದ್ಧ ದಿಕ್ಕಿನ ರಡ್ಡರ್ ಒತ್ತಬೇಕು. ಇದಕ್ಕೆಲ್ಲ ಎತ್ತರ ಬೇಕು. ಕೊನೆಯ ತಿರುವಿನಲ್ಲಿ ಇಲ್ಲದಿರೋದೇ ಅದು.

ಇದು ಹೊಸಬರ ತೊಂದರೆ ಮಾತ್ರ ಅಂದ್ಕೋಬೇಡಿ. 2009ರ ಜೂನ್ 1. ರಿಯೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ವಿಮಾನದ ವೇಗ ಅಳೆಯೋ ಕೊಳವೆಗಳಲ್ಲಿ ಹಿಮ ಕಟ್ಟಿತು, ಆಟೋಪೈಲಟ್ ಕಳಚಿಕೊಂಡಿತು. ಸ್ಟಾಲ್ ಎಚ್ಚರಿಕೆ ಕೂಗ್ತಿದ್ದರೂ ಪೈಲಟ್ ಮೂತಿ ಎತ್ತಿಯೇ ಹಿಡಿದರು. 228 ಜನ ಅಟ್ಲಾಂಟಿಕ್ ಸಾಗರದ ಪಾಲಾದರು. ಎಂಜಿನ್‌ಗಳು ಓಡ್ತಾನೇ ಇದ್ದವು.

ಭಯ ಬಂದಾಗ ಬುದ್ಧಿ ಓಡೋದಿಲ್ಲ, ಅಭ್ಯಾಸ ಓಡುತ್ತೆ. ಮಕ್ಕಳನ್ನು ಪೈಲಟ್ ತರಬೇತಿಗೆ ಸೇರಿಸೋ ಅಪ್ಪ ಅಮ್ಮಂದಿರೇ, ಫೀಸ್ ಎಷ್ಟು ಅಂತ ಕೇಳೇ ಕೇಳ್ತೀರಿ. ಸ್ಟಾಲ್‌ನಿಂದ ಹೊರಬರೋದನ್ನು ಸುರಕ್ಷಿತ ಎತ್ತರದಲ್ಲಿ ಎಷ್ಟು ಸಲ ಮಾಡಿಸ್ತೀರಿ ಅಂತಲೂ ಕೇಳಿ. ಫೀಸಿಗಿಂತ ಮೊದಲು ಕೇಳಿ.